ಅರವತ್ತನಾಲ್ಕು ಪುಟ

ಇನ್ನೂರ ಹದಿನೇಳನೇ ಕಂತಿನಲ್ಲಿ
ನೀಲಾವತಿ ಗೇಟು ಹಾಕಿ, ಬಾವುಟ ಕಂಕುಳಲ್ಲಿಟ್ಟು
ಕ್ಯಾಬಿನ್ನಿನ ಫೋನಿಗೆ ಕೈ ಚಾಚಿದಳು.
ಮರುದಿನ ಒಂಬತ್ತಕ್ಕೆ
ಅದೇ ಜಾಗದಲ್ಲಿ ಅಡುಗೆ ಸ್ಪರ್ಧೆ.

ಚಾನೆಲ್ಲಿನವರು ಒಂದು ಮಾತು ಹೇಳಲಿಲ್ಲ.
ಫೋನು ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು
ಅಮ್ಮತ್ತಿ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ,
ಪೊನ್ನಂಪೇಟೆ ಹಾಸ್ಟೆಲಿನ ಮೇಲುಮಂಚದಲ್ಲಿ,
ತಿತಿಮತಿಯ ಲೈನುಮನೆಯಲ್ಲಿ
ಬೆಲ್ಲದ ಕಾಪಿ ಉಕ್ಕುವ ಹೊತ್ತಿಗೆ.

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ನನ್ನ ಡಿಟಿಪಿ ಅಂಗಡಿ.
ದೇಚಮ್ಮ ನರ್ಸು ಮೊದಲ ಕಥೆ ತಂದಳು,
ಜ್ವರದ ಚಾರ್ಟಿನ ಬೆನ್ನಿಗೆ ಬರೆದದ್ದು.
ಆಮೇಲೆ ಮೆಣಸು ತೂಗಿದ ಚೀಟಿಯಲ್ಲೊಂದು.
ಕಂಡಕ್ಟರ್ ಪೂವಯ್ಯನದು ಟಿಕೆಟ್ ರೋಲಿನ ಹಿಂಬದಿ—
ಬಿಚ್ಚಿದರೆ ಬಾಗಿಲು ದಾಟಿ ಹೋಯಿತು.

ಹದಿನಾರು ಕಥೆ, ಹದಿನಾರು ಸಲ ಅವಳು ಫೋನೆತ್ತುತ್ತಾಳೆ.
ಒಂದರಲ್ಲಿ ಆ ಕಡೆ ಸತ್ತ ಗಂಡ.
ಒಂದರಲ್ಲಿ ಮುಂದಿನ ಸ್ಟೇಷನ್ನಿನ ಮಾಸ್ತರ, ಬರೀ ಉಸಿರು.
ಹಾಸ್ಟೆಲಿನ ಹುಡುಗಿಯದರಲ್ಲಿ
ಇನ್ನೊಂದು ಗೇಟಿನ ಹೆಂಗಸು;
‘ಊಟ ಆಯ್ತಾ’ ಎಂದು ಶುರುವಾದ ಪ್ರೀತಿ
ಎಂಟು ಪುಟವಾದರೂ ಮುಗಿಯುವುದಿಲ್ಲ.
ಪೂವಯ್ಯನದರಲ್ಲಿ ರಾಂಗ್ ನಂಬರ್.

ಮೊಯ್ದು ಕಾಕ ಒಂದು ಕಾಲದಲ್ಲಿ
ಶೊರನೂರಿನ ಪ್ಲಾಟ್‌ಫಾರಮ್ಮಿನಲ್ಲಿ ಚಹಾ ಮಾರಿದವರು.
ನಾನು ಓದಿದೆ, ಅವರು ಕೇಳಿದರು. ನಗು ತಡೆಯಲಿಲ್ಲ.
“ಕೈ ಅಡ್ಡ ಹಿಡಿದರೆ ನಿಲ್ಲೋದಕ್ಕೆ ಮೋಳೇ,
ರೈಲೇನು ಕುಟ್ಟದ ಬಸ್ಸಾ?
ಹಳಿ ಮೇಲೆ ಆನೆ ಮಲಗಿದೆ,
ಡ್ರೈವರ್ ಇಳಿದು ಪಟಾಕಿ ಹಚ್ಚುತ್ತಾನೆ! ಯಾರಮ್ಮ ಇದು?”

ನಾವು ಯಾರು ರೈಲು ಕಂಡವರು, ಕಾಕ.
ಈ ಜಿಲ್ಲೆಯಲ್ಲಿ ಒಂದು ಮಾರು ಹಳಿಯಿಲ್ಲ.
ಮೈಸೂರಿನಲ್ಲೊಮ್ಮೆ ಸೇತುವೆ ಮೇಲಿಂದ ನೋಡಿದೆ—
ಉದ್ದಕ್ಕೆ ಹೋಯಿತು, ಅಷ್ಟೆ.

ಆದರೂ ತಿದ್ದಲು ಕೂತೆ.
ರೈಲು ನಿಲ್ಲದಂತೆ ಮಾಡಿದೆ: ಹತ್ತಬೇಕಿದ್ದ ಮುದುಕಿ
ಬುಟ್ಟಿ ಸಮೇತ ಹಳಿಪಕ್ಕ ಉಳಿದಳು.
ಆನೆಯನ್ನು ಎಬ್ಬಿಸಿ ಕಾಡಿಗಟ್ಟಿದೆ: ನೀಲಾವತಿಗೆ ಆ ರಾತ್ರಿ
ಮಾತಾಡಲು ಯಾರೂ ಇರಲಿಲ್ಲ.
ಕಂಟ್ರೋಲ್ ಝಡ್ ಒತ್ತಿದೆ. ಒತ್ತಿದೆ. ಒತ್ತಿದೆ.
ಆನೆ ಬಂದು ಮತ್ತೆ ಮಲಗಿತು.

ಹದಿನೇಳನೆಯದು ಚೋಮಿಯದು.
ಓದು ಬರಹ ಬಾರದು; ಕಾಪಿ ಕೊಯ್ದ ಕೈ ಒರೆಸಿಕೊಂಡು
ಸ್ಟೂಲಿನ ತುದಿಯಲ್ಲಿ ಕೂತಳು, ಹೇಳಿದಳು, ನಾನು ಕುಟ್ಟಿದೆ.
“ಅವಳು ಫೋನೆತ್ತಲ್ಲ.
ಗೇಟು ಹಾಕೇ ಇದೆಯಲ್ಲ, ಎರಡೂ ಕಡೆ ಜನ ನಿಂತಿದ್ದಾರೆ.
ಜೀಪಲ್ಲೊಬ್ಬಳು ಬಸುರಿ, ಹಲ್ಲು ಕಚ್ಚಿದ್ದಾಳೆ.
ರೈಲು ಹೋಗಿ ಎಷ್ಟು ಹೊತ್ತಾಯ್ತು!
ಮೊದಲು ಗೇಟು ತೆಗೀಲಿ.
ಫೋನು ಹೊಡಕೊಂಡಿರಲಿ.”

ನನ್ನ ಬೆರಳು ಕೀಲಿಗಳ ಮೇಲೆ ನಿಂತವು.
ಇನ್ನೂರ ಹದಿನೇಳು ಸಂಜೆ ನೋಡಿದ್ದೇವೆ,
ಆ ಜೀಪು ನಮಗೊಬ್ಬರಿಗೂ ಕಂಡಿರಲಿಲ್ಲ.

ವಿರಾಜಪೇಟೆಯ ಪ್ರೆಸ್ಸಿನಲ್ಲಿ ಅಕ್ಷರ ಕೆಟ್ಟು
ಒತ್ತುಗಳೆಲ್ಲ ಚೌಕವಾದವು, ಎರಡು ರಾತ್ರಿ ಹೋಯಿತು.
ಎಪ್ಪತ್ತು ಪ್ರತಿ, ತಲಾ ಮೂವತ್ತೆರಡು, ಚಂದಾ ಎತ್ತಿ ಕೊಟ್ಟೆವು.
ಬೆಲೆ ಹಾಕಲಿಲ್ಲ. ನೀಲಾವತಿ ನಮ್ಮವಳೇ,
ಆದರೆ ನಮ್ಮ ಸೊತ್ತಲ್ಲ.
“ಕಥೆ ಅರವತ್ತೊಂದು ಪುಟ,” ಎಂದ ಪ್ರೆಸ್ಸಿನ ಆಂಟನಿ,
“ಹಾಳೆ ಮಡಿಸಿದರೆ ಅರವತ್ತನಾಲ್ಕು. ಮೂರು ಖಾಲಿ.
ಮರ ಕೊಯ್ಯುವ ಮಿಷನ್ನಿನವರ ಜಾಹೀರಾತು ತರಲಾ?”
ನೀನೇ ಏನಾದರೂ ಬರಿ ಅಂದಳು ದೇಚಮ್ಮ.
ಬರೆಯಲು ಕೂತೆ. ಎಲ್ಲರ ಕಥೆ ಕುಟ್ಟಿದ ಕೈಗೆ
ತನ್ನದೊಂದು ಸಾಲು ಬರಲಿಲ್ಲ.

ಭಾನುವಾರದ ಸಂತೆಗೆ ಬಂದ ಚೋಮಿ ತನ್ನ ಪ್ರತಿ ಪಡೆದಳು.
ಮುಖಪುಟದ ಹಳಿಗಳನ್ನು ಏಣಿ ಅಂದುಕೊಂಡಳು.
ಕರೀ ಸಾಲುಗಳ ಮೇಲೆ ಬೆರಳಾಡಿಸುತ್ತ
ಕೊನೆಗೆ ಬಂದಳು, ಬಿಳೀ ಪುಟಕ್ಕೆ,
ಅದರಾಚೆ ಇನ್ನೊಂದು, ಮತ್ತೊಂದು.
“ಇಲ್ಲಿ ತೆಗೆದಿದ್ದಾಳೆ,” ಎಂದಳು.

ಮತ್ತೆ ಸೆರಗಿನ ಗಂಟು ಬಿಚ್ಚಿ
ರೇಷನ್ ಕಾರ್ಡಿಗೆ ಲ್ಯಾಮಿನೇಷನ್ ಎಷ್ಟು ಎಂದು ಕೇಳಿದಳು.
ಇಪ್ಪತ್ತು, ಎಂದೆ.
ಹದಿನೈದಕ್ಕೆ ಮಾಡಿಕೊಟ್ಟೆ.