ಅಪೇಕ್ಷೆ

ನಮ್ಮ ಬ್ಯಾಂಕಿನ ಸಾಲದ ಫಾರಮ್ಮಿನ ತಲೆಯ ಮೇಲೆ
ದಪ್ಪ ಮಲಯಾಳ ಅಕ್ಷರದಲ್ಲಿ ‘ಅಪೇಕ್ಷ’ ಎಂದಿದೆ.
ಆ ಭಾಷೆಯಲ್ಲಿ ಹಾಗೆಂದರೆ ಅರ್ಜಿ, ಅಷ್ಟೆ.
ಹತ್ತೊಂಬತ್ತು ವರ್ಷ ಅದರ ಮೇಲೆ ಸೀಲು ಗುದ್ದಿದ್ದೇನೆ,
ಒಂದು ದಿನವೂ ಕನ್ನಡದಲ್ಲಿ ಓದದೆ ಬಿಟ್ಟಿಲ್ಲ.

ಬದಿಯಡ್ಕ ಪೇಟೆ, ಮೆಡಿಕಲ್ ಶಾಪಿನ ಮೇಲಿನ ಮಾಳಿಗೆ.
ಹತ್ತಕ್ಕೆ ಹೆಬ್ಬೆರಳು ಒತ್ತಬೇಕು, ಐದಕ್ಕೆ ಹೆಬ್ಬೆರಳು ಒತ್ತಬೇಕು.
ನಡುವೆ ಜನ ಬರುತ್ತಾರೆ,
ಯೋಚಿಸಿ ಯೋಚಿಸಿ ಮೆತ್ತಗಾದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು.
ಪೆರ್ಲದ ಯಮುನಕ್ಕನಿಗೆ ಹಪ್ಪಳದ ಮೆಷಿನು ಬೇಕು,
ನೀರ್ಚಾಲಿನ ಮಾಸ್ಟ್ರು ಒಬ್ಬರು ಪಾಠ ಬಿಟ್ಟು ಜೇನು ಸಾಕುತ್ತಾರಂತೆ.
‘ರಾತ್ರಿ ನಿದ್ದೆ ಬರ್ತದಾ?’ ಎಂದು ಕೇಳುವ ಕಾಲಂ ಇಲ್ಲ.
ಜಾಮೀನು ಯಾರು, ತೆರಿಗೆ ಕಟ್ಟಿದ್ದುಂಟಾ,
ನನ್ನ ಬಾಯಲ್ಲಿ ಬರುವುದು ಇಷ್ಟೇ.

ನನ್ನದೂ ಒಂದುಂಟು. ಡ್ರಾಯರಿನ ಅಡಿಯಲ್ಲಿ,
ಹಳೆ ಕ್ಯಾಲೆಂಡರಿನ ಕೆಳಗೆ.
ಅರ್ಜಿದಾರ: ವಾಮನ ಪಾಟಾಳಿ.
ಉದ್ದೇಶ: ಗೋಲಿ ಸೋಡಾ.
ನಗಬೇಡಿ. ಲೆಕ್ಕ ಹಾಕಿದ್ದೇನೆ,
ಬಾಟ್ಲಿಗೆ ಗ್ಯಾಸೆಷ್ಟು, ಉಪ್ಪೆಷ್ಟು, ನೂರಕ್ಕೆ ಒಡೆಯುವುದೆಷ್ಟು,
ಗಾಂಧಾರಿ ಮೆಣಸು ಎಲ್ಲಿಯವರೆಗೆ ತಡೆದೀತು ಎಂದು
ಮೂರು ಭಾನುವಾರ ನಾಲಗೆ ಸುಟ್ಟುಕೊಂಡು.
ತುಂಬಿಸದೆ ಬಿಟ್ಟದ್ದು ತಾರೀಕು ಮಾತ್ರ.

(ರಜೆಗೆ ಇಲ್ಲಿ ‘ಅವಧಿ’ ಎನ್ನುತ್ತಾರೆ.
ನನಗೆ ಆ ಶಬ್ದ ಕೇಳಿದಾಗೆಲ್ಲ
ಯಾರದೋ ಕಂತು ಮುಗಿಯುವ ದಿನವೇ ನೆನಪು.)

ಮೊನ್ನೆ ಸೀತಾಂಗೋಳಿಗೆ ಕಳಿಸಿದರು, ಜಪ್ತಿಗೆ.
ಏಳು ಕಂತು ಬಾಕಿ, ಅಂದುಂಞಿ.
ಶಾರ್ಜಾದ ಲಾಂಡ್ರಿಯಲ್ಲಿ ಹನ್ನೊಂದು ವರ್ಷ
ಯಾರ್ಯಾರದೋ ಅಂಗಿಗೆ ಇಸ್ತ್ರಿ ಹಾಕಿದವ,
‘ಇನ್ನು ಒಬ್ಬನ ಕಾಲರೂ ಮುಟ್ಟುವುದಿಲ್ಲ’ ಎಂದು
ನನ್ನ ಮೇಜಿನ ಮುಂದೆಯೇ ರುಜು ಹಾಕಿದವ.
ಸಾಲ ಪಾಸು ಮಾಡಿದ್ದು ನಾನೇ.
ಅವತ್ತು ಹೊಟ್ಟೆಕಿಚ್ಚಿಗೆ ಬುತ್ತಿ ಬಿಚ್ಚಿರಲಿಲ್ಲ.

ಶೆಡ್ಡಿನಲ್ಲಿ ಪಟ್ಟಿ ಬರೆದೆ:
ಸೋಡಾ ತುಂಬುವ ಯಂತ್ರ, ಒಂದು. ಹಿಡಿ ಸವೆದಿದೆ.
ಸಿಲಿಂಡರ್, ಎರಡು. ಒಂದು ಖಾಲಿ.
ಹಸಿರು ಬಾಟ್ಲಿ, ಮುನ್ನೂರ ನಲವತ್ತು.
ಗೋಲಿಯನ್ನು ಬೇರೆ ಬರೆಯುವುದೋ, ಬಾಟ್ಲಿಯಲ್ಲೇ ಸೇರಿತೋ
ಗೊತ್ತಾಗದೆ ಪೆನ್ನು ನಿಂತಿತು.
ನಿಂತದ್ದು ಅದಕ್ಕಲ್ಲ.
ಎಡಗೈ ಆಗಲೇ ಹಿಡಿಯ ಮೇಲಿತ್ತು. ತಿರುಗಿಸಿದೆ.
ಜಪ್ತಿಗೆ ಬರುತ್ತಾರೆಂದು ಗೊತ್ತಿದ್ದೂ
ಎಣ್ಣೆ ಬಿಟ್ಟು ಇಟ್ಟಿದ್ದ, ಪುಣ್ಯಾತ್ಮ.
ಅಜ್ಜನ ಗಾಣ ನಾನು ಕಂಡವನಲ್ಲ,
ತಿರುಗುವ ತೂಕ ಮಾತ್ರ ಹೇಗೋ ತೋಳಿಗೆ ಗೊತ್ತಿತ್ತು.

ಬಾಗಿಲಲ್ಲಿ ಕೆಮ್ಮಿದ ಅಂದುಂಞಿ.
‘ಏಲಂ ಯಾವಾಗ?’
ಮುಂದಿನ ತಿಂಗಳು, ಎಂದೆ. ಸಿಬ್ಬಂದಿ ಕೂಗುವ ಹಾಗಿಲ್ಲ
ಎಂದು ಅವನು ಕೇಳದಿದ್ದರೂ ಹೇಳಿದೆ.
‘ಒಂದು ಮಾತು ಪಾಟಾಳಿಯವರೇ,
ನಿಮ್ಮಲ್ಲಿ ಎಂತಾದರೂ ಕೆಲಸ ಉಂಟಾ? ಪ್ಯೂನ್ ಆದರೂ ಸಾಕು.
ಒಂದನೇ ತಾರೀಕಿಗೆ ಇಷ್ಟು ಅಂತ ಕೈಗೆ ಬರ್ತದಲ್ಲ, ಅದು.
ಭಾನುವಾರ ಭಾನುವಾರವೇ ಆಗಿ ಇರ್ತದಲ್ಲ.’
ಅವನ ಕಣ್ಣು ನನ್ನ ಕೊರಳಿನ ಗುರುತುಚೀಟಿಯ ಮೇಲೆ.
ನಾನು ಹಿಡಿ ಬಿಟ್ಟಿರಲಿಲ್ಲ.

ಅವನೇ ಒಂದು ಬಾಟ್ಲಿ ತೊಳೆದ, ನಿಂಬೆ ಹಿಂಡಿದ,
ಯಂತ್ರಕ್ಕೆ ಸಿಕ್ಕಿಸಿದ.
‘ಮೂರೇ ಸುತ್ತು. ಹೆಚ್ಚಾದರೆ ಒಡೀತದೆ ಮಾರಾಯ್ರೆ,
ಅದನ್ನು ಕಲಿಯಲಿಕ್ಕೇ ನನಗೆ ಎರಡು ಕಂತು ಹೋದದ್ದು.’
ತಲೆಕೆಳಗಾದ ಬಾಟ್ಲಿಯಲ್ಲಿ ಗೋಲಿ ಜಾರಿ
ಟಕ್ಕೆಂದು ಕಂಠಕ್ಕೆ ಕಚ್ಚಿತು.

ಪಟ್ಟಿಯಲ್ಲಿ ಮುನ್ನೂರ ನಲವತ್ತು ಹೊಡೆದು
ಮುನ್ನೂರ ಮೂವತ್ತೊಂಬತ್ತು ಎಂದು ತಿದ್ದಿದೆ.
ತಿದ್ದಿದಲ್ಲಿ ರುಜು ಹಾಕಬೇಕು, ಹಾಕಿದೆ.

ಆ ಬಾಟ್ಲಿ ಈಗ ಡ್ರಾಯರಿನಲ್ಲಿ, ಫಾರಮ್ಮಿನ ಮೇಲೆ ಮಲಗಿದೆ.
ಐದು ಗಂಟೆಗೆ ಯಂತ್ರಕ್ಕೆ ಕೊಡುವ ಮೊದಲು
ಹೆಬ್ಬೆರಳನ್ನು ಒಮ್ಮೆ ಗೋಲಿಯ ಮೇಲೆ ಒತ್ತಿ ನೋಡುತ್ತೇನೆ.
ಇಳಿಯುವುದಿಲ್ಲ.
ಗ್ಯಾಸು ಉಂಟು, ಇನ್ನೂ.