ಲಾಟ್ ನಂಬರ್ ಇನ್ನೂರ ಹದಿನೇಳು

ಪುಣೆಯ ಜೂನಾ ಬಜಾರಿನ ಹಿಂದುಗಡೆ ಗೋದಾಮಿನಲ್ಲಿ
ಕೆಟ್ಟುಹೋದ ಹೊಲಿಗೆಯಂತ್ರಗಳ ಮೇಲೆ
ಅಡ್ಡ ಮಲಗಿತ್ತು, ಎದೆಯೆತ್ತರದ ಒಂಟಿ ರೆಕ್ಕೆ.
"ಸ್ಪಿಟ್‌ಫೈರ್ ತಾನೇ ಚಾಚಾ?" ಅಂದ ಅಲ್ತಮಶ್.
ಫೋನಿನಲ್ಲಿ ಆಗಲೇ ಬರೆದೂ ಬಿಟ್ಟಿದ್ದ:
ಮಹಾಯುದ್ಧದ ಪ್ರೊಪೆಲರ್, ಅಪರೂಪ,
ಆರಂಭದ ಬೆಲೆ ಮೂವತ್ತು ಸಾವಿರ,
ಹರಾಜು ಇಂದು ರಾತ್ರಿ ಹನ್ನೊಂದಕ್ಕೆ ಮುಕ್ತಾಯ.

ಹೆಸರಿಡುವುದು ಸುಲಭ. ಗುರುತು ಹಿಡಿಯುವುದು ಬೇರೆ.

ಮೊದಲು ನಾಣ್ಯದಿಂದ ತಟ್ಟಬೇಕು.
ಕಟ್ಟಿಗೆಯಾದರೆ ಬೀಗ ಹಾಕಿದ ಬಾಗಿಲು ಬಡಿದ ಸದ್ದು;
ಲೋಹವಾದರೆ
ಒಳಗೆ ಯಾರೋ ಇದ್ದಾರೆ ಎನ್ನುವ ಸದ್ದು.
ಆಮೇಲೆ ತಿರುವು. ಕಣ್ಣು ಮುಚ್ಚಿ ಅಂಗೈ ಜಾರಿಸಿ,
ಬುಡದಿಂದ ತುದಿಗೆ, ಎಮ್ಮೆಯ ಬೆನ್ನು ಸವರಿದ ಹಾಗೆ,
ಬಲಕ್ಕೆ ಹೊರಳುತ್ತದೋ ಎಡಕ್ಕೋ ಕೈಯೇ ಹೇಳುತ್ತದೆ.
ಫೋಟೋ ನಂಬಬೇಡಿ;
ತಿರುಗುಮುರುಗಾದ ಫೋಟೋದಲ್ಲಿ ಎಲ್ಲ ವಿಮಾನವೂ ಎಡಚ.
ಕೊನೆಗೆ ಬುಡದ ಅಂಕಿ.
ಬಣ್ಣ ಸುಳ್ಳು ಹೇಳೀತು, ಮಾರುವವನು ಹೇಳಿಯೇ ಹೇಳುತ್ತಾನೆ,
ಉಳಿ ಹೊಡೆದು ಕೂರಿಸಿದ ಅಂಕಿ ಹೇಳುವುದಿಲ್ಲ.

"ಸ್ಪಿಟ್‌ಫೈರ್ ಅಲ್ಲಪ್ಪ, ಹಾರ್ವರ್ಡ್.
ಮೀಸೆ ಮೂಡದ ಹುಡುಗರಿಗೆ ಹಾರಲು ಕಲಿಸಿದ್ದು.
ಯಾರನ್ನೂ ಕೊಂದಿಲ್ಲ,
ತುದಿಯ ಕಿರುಚಾಟಕ್ಕೆ ಊರೆಲ್ಲ ಬೈಯುತ್ತಿತ್ತು, ಅಷ್ಟೆ."

ಬಟ್ಟು ತೆಗೆದ ತಕ್ಕಡಿಯಂತೆ ಅವನ ಮುಖ ಇಳಿಯಿತು.
ಒಳ್ಳೆಯ ಹುಡುಗ, ತಲೆಬರಹ ತಿದ್ದಿದ.
ನಾನಿನ್ನೂ ಸೀಮೆಎಣ್ಣೆಯ ಚಿಂದಿಯಿಂದ
ಬುಡದ ಗ್ರೀಸು ಒರೆಸುತ್ತಿದ್ದೆ. ಕೊನೆಯ ಮೂರಂಕಿ:
ನಾಲ್ಕು, ಒಂದು, ಒಂಬತ್ತು.

ಐವತ್ತು ವರ್ಷದ ಹಿಂದೆ
ಆರೋಪಪಟ್ಟಿಯ ನಾಲ್ಕನೇ ಸಾಲಿನಲ್ಲಿ
ನನ್ನ ಹೆಸರಿನ ಪಕ್ಕ ಟೈಪಾಗಿದ್ದ ಅಂಕಿ.

ಬ್ಯಾಟರಿಯ ತಳ್ಳುಗಾಡಿ ಹಿಂದಕ್ಕೆ ಎಳೆಯಬೇಕಿತ್ತು.
ಎಳೆಯಬೇಕಿದ್ದವನು ನಾನು.
ಜೇಬಿನಲ್ಲಿ ಅಕ್ಕನ ಕಾಗದ ಇತ್ತು, ಅರ್ಧ ಓದಿದ್ದೆ.
ಪಿಸಾಳ ಆಚೆ ಬದಿಯಲ್ಲಿ
ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿದ್ದ,
ನಿಲ್ಲಬೇಕಾದ ಜಾಗದಲ್ಲೇ.
ಮೊದಲ ಸುತ್ತಿನಲ್ಲೇ ಠಣ್!

ಪ್ರೊಪೆಲರಿನ ನ್ಯಾಯ ಹೀಗೆ:
ಒಂದು ರೆಕ್ಕೆಯ ತುದಿ ಮುಕ್ಕಾದರೆ
ಅದನ್ನು ಕತ್ತರಿಸಿ ಅರದಿಂದ ಉಜ್ಜಬೇಕು,
ಏನೂ ಆಗದ ಇನ್ನೊಂದನ್ನೂ
ಅಷ್ಟೇ ಕತ್ತರಿಸಿ, ಅಷ್ಟೇ ಉಜ್ಜಬೇಕು.
ಇಲ್ಲವಾದರೆ ಎಂಜಿನ್ ನಡುಗಿ ಕಳಚಿ ಬೀಳುತ್ತದೆ.
ಒಂದೂಮುಕ್ಕಾಲು ಅಂಗುಲ. ಎರಡನ್ನೂ ನಾವೇ ಉಜ್ಜಿದೆವು,
ಎದುರುಬದುರು ಕೂತು.

ಸಾಹೇಬರಿಗೂ ಆ ನ್ಯಾಯವೇ ಹಿಡಿಸಿರಬೇಕು.
ಇಬ್ಬರಿಗೂ ಒಂದೊಂದು ಪಟ್ಟಿ ಕಡಿತ, ಇಬ್ಬರಿಗೂ ರಜೆ ರದ್ದು.
ಮೇ ತಿಂಗಳಲ್ಲಿ ಕೋರೆಗಾಂವದಲ್ಲಿ ಪಿಸಾಳನ ಮದುವೆ ಇತ್ತು.
"ಗಾಡಿ ಬಿಟ್ಟವನು ನಾನು" ಎಂಬ ನಾಲ್ಕು ಶಬ್ದ
ನಾಲಗೆಯ ಮೇಲೆ ಬಂದು
ಸೆಲ್ಯೂಟಿನಲ್ಲಿ ಮುಗಿದುಹೋಯಿತು.
ಅವನು ಬೈಯಲಿಲ್ಲ. ರಾತ್ರಿ ಮೆಸ್ಸಿನಲ್ಲಿ
ನನ್ನ ತಟ್ಟೆಯನ್ನೂ ತಾನೇ ತಂದಿಟ್ಟ.
ಬೇಳೆ ಆರಿತ್ತು. ತಿಂದೆ.

"ಚಾಚಾ, ತುದಿ ಯಾಕೆ ಮೋಟು?"
"ಏಟು ಬಿದ್ದಿತ್ತು."
"ಯಾವ ಏಟು?"
ಬೀದಿಯಲ್ಲಿ ಟೆಂಪೋ ಒಂದು ಹಿಂದಕ್ಕೆ ಬರುತ್ತಿತ್ತು,
ಅದರ ಪೀಂ ಪೀಂ ನಿಲ್ಲಲೆಂದು ಕಾದೆ.
ನಿಂತಿತು. ನಾನು ಬಾಯಿ ಬಿಡುವುದರೊಳಗೆ
ಅವನ ಹೆಬ್ಬೆರಳು ಬರೆದಾಗಿತ್ತು:
ಯುದ್ಧದ ಗಾಯ.

ಧಾನೋರಿಯ ಮನೆಯಲ್ಲಿ ಮೊಮ್ಮಗಳ ಟ್ಯಾಬಿನಲ್ಲಿ ನೋಡಿದೆ.
ಹತ್ತೂವರೆಗೆ ಅರವತ್ತು, ಹತ್ತು ಐವತ್ತಕ್ಕೆ ತೊಂಬತ್ತೆರಡು,
ಹನ್ನೊಂದಕ್ಕೆ ಒಂದು ಲಕ್ಷ ನಲವತ್ತು ಸಾವಿರ.
ಗೋವಾದ ಯಾವುದೋ ಹೋಟೆಲಿನವರು,
ಗಲ್ಲಾದ ಮೇಲೆ ತೂಗುಹಾಕುತ್ತಾರಂತೆ.

ಕೊಂಡವರೇ, ಮಾಲು ಅಸಲಿ. ಅಂಕಿ ಅಸಲಿ.
ಗಾಯದ ವಿಷಯ ಮಾತ್ರ ನನ್ನನ್ನು ಕೇಳಿ, ಫೋನ್ ನಂಬರು ಅಲ್ತಮಶನ ಬಳಿ ಇದೆ.
ಇದರ ಜೋಡಿ ಎಲ್ಲಾದರೂ ಕಂಡರೆ,
ಅಷ್ಟೇ ಮೋಟು, ಅಷ್ಟೇ ನಯ,
ದಯವಿಟ್ಟು ಅದರ ಕೆಳಗೆ
ಯುದ್ಧ ಎಂದು ಬರೆಯಬೇಡಿ.
ಅದಕ್ಕೆ ಏನೂ ತಾಗಿರಲಿಲ್ಲ.