ಬಳ್ಳಿ, ಬಲ್ಲಿ

ಹೊಸೂರು, ಬಾಗಲೂರು ರಸ್ತೆ, ನಮ್ಮ ನರ್ಸರಿ.
ಯೂನಿಫಾರ್ಮಿನಲ್ಲೇ ಬಂದ ಹಿಮಜ ಕೇಳಿದಳು:
'ಮಾ ಬಲ್ಲಿಕಿ ಚೆಟ್ಟು ಕಾವಾಲ.'
ಬಳ್ಳಿಗೆ ಗಿಡ ಯಾಕಮ್ಮ, ಒಂದು ಕೋಲು ನೆಟ್ಟರೆ ಸಾಕಲ್ಲ?
ನಕ್ಕು, ಚಪ್ಪಲಿ ಡಬ್ಬ ತೆರೆದಳು.
ಹಳದಿ ಮೈ, ಕರಿ ಚುಕ್ಕೆ,
ನಮ್ಮ ಗೋಡೆಯ ಹಲ್ಲಿಗಿಲ್ಲದ ರೆಪ್ಪೆ.
ನನ್ನ ನೋಡಿ ಒಮ್ಮೆ ಮಿಟುಕಿಸಿತು.

ಗಾಜಿನ ಪೆಟ್ಟಿಗೆಯಲ್ಲಿ ಇದರ ಸಂಸಾರವಂತೆ, ಹಸಿರು ಬೇಕಂತೆ.
ಬೆರಳು ನೆಟ್ಟಗೆ ಮನಿ ಪ್ಲಾಂಟಿನ ಮೇಲೆ.
ಬೇಡ. ದುಡ್ಡು ತರುತ್ತೋ ಇಲ್ಲವೋ,
ಕಚ್ಚಿದ ಬಾಯೊಳಗೆ ಸೂಜಿ ಬಿತ್ತುತ್ತೆ.
'ಇದು ಎಲೆ ತಿನ್ನಲ್ಲ ಆಂಟಿ, ಹುಳ ತಿನ್ನುತ್ತೆ.'
ಹುಳ ಏನು ತಿನ್ನುತ್ತೆ?

ಸುಮ್ಮನಾದಳು.
ಆಡು ಮುಟ್ಟದ ಸೊಪ್ಪಿಲ್ಲ ಅಂದವರಿಗೆ
ಯಾರೂ ಕಣಗಿಲೆ ತೋರಿಸಿರಲಿಲ್ಲ ಅಂತ ಕಾಣುತ್ತೆ.
ಅದನ್ನು ದಾಟಿಸಿ, ಡೀಫನ್‌ಬೇಕಿಯಾ ದಾಟಿಸಿ,
ಮೂಲೆಯ ಸ್ಪೈಡರ್ ಪ್ಲಾಂಟ್ ಎತ್ತಿಕೊಟ್ಟೆ. ಸಾಧು ಗಿಡ.

ಕೊಟ್ಟ ಮೇಲೆ ನೆನಪಾಯಿತು, ಸೋಮವಾರದ ಪಂಪು.
ಮಣ್ಣು ಪೂರಾ ಬದಲಿಸು, ಎಲೆ ತೊಳಿ,
ಒಂದು ತಿಂಗಳು ಹೊರಗೇ ಇಡು ಮಗಳೇ,
ಔಷಧಿ ಹೊಡೆದಿದ್ದೀನಿ.

'ಔಷಧಿ ಅಂದ್ರೆ ಒಳ್ಳೇದೇ ಅಲ್ವಾ?'

ನಲವತ್ತು ರೂಪಾಯಿ. ಚಿಲ್ಲರೆ ಎಣಿಸುತ್ತ
ಬೆರಳು ಮೂಸಿ ನೋಡಿಕೊಂಡೆ.